ಹೊಸ ಯಂತ್ರಾಂಶ ಅಳವಡಿಕೆ ಮತ್ತು ಗಣಕಯಂತ್ರದ ವಿಳಂಬಿತ ಆರಂಭ

ಗಣಕಯಂತ್ರದ ವಿಳಂಬಿತ ಆರಂಭ ಎಂದರೆ, ವಿದ್ಯುತ್ ಗುಂಡಿಯನ್ನು ಒತ್ತಿದ ಕ್ಷಣದಿಂದ ಬಳಕೆದಾರರು ಕೆಲಸಕ್ಕೆ ತೊಡಗಬಹುದಾದ ಸ್ಥಿತಿಯವರೆಗಿನ ಅವಧಿಯು ಆ ಯಂತ್ರಕ್ಕೆ ವಾಡಿಕೆಯಾಗಿರುವುದಕ್ಕಿಂತ ಗಮನಾರ್ಹವಾಗಿ ದೀರ್ಘವಾಗುವುದು. ಇದಕ್ಕೆ ಕಾರಣಗಳು ಹಲವಾದರೂ, ಪ್ರಸ್ತುತ ಲೇಖನವು ಹೊಸದಾಗಿ ಅಳವಡಿಸಿದ ಯಂತ್ರಾಂಶದಿಂದ, ಅಂದರೆ ಸ್ಮೃತಿಫಲಕ, ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡ್, ಜಾಲ ಕಾರ್ಡ್, ಮುದ್ರಕ ಮೊದಲಾದವುಗಳಿಂದ ಉಂಟಾಗುವ ವಿಳಂಬಕ್ಕೆ ಸೀಮಿತವಾಗಿದೆ. ವೇಗವನ್ನು ಹೆಚ್ಚಿಸಲೆಂದೇ ಕೊಂಡ ಬಿಡಿಭಾಗವು ಯಂತ್ರವನ್ನು ಮತ್ತಷ್ಟು ನಿಧಾನಗೊಳಿಸುವುದು ವಿಚಿತ್ರವಾಗಿ ತೋರಿದರೂ ಅಪರೂಪದ ಸಂಗತಿಯಲ್ಲ. ಹೆಚ್ಚಿನ ಸಂದರ್ಭಗಳಲ್ಲಿ ದೋಷವು ಆ ಬಿಡಿಭಾಗದಲ್ಲಿ ಇರುವುದಿಲ್ಲ. ಅದನ್ನು ಗುರುತಿಸಲು ಯಂತ್ರವು ಕಾಯುವ ಅವಧಿಯೇ ವಿಳಂಬವಾಗಿ ಗೋಚರಿಸುತ್ತದೆ.

ಕರ್ನಾಟಕದ ಶಾಲೆಗಳ ದೃಷ್ಟಿಯಿಂದ ಈ ವಿಷಯಕ್ಕೆ ಪ್ರಾಯೋಗಿಕ ಮಹತ್ವವಿದೆ. ರಾಜ್ಯದ ‘ಮಾಹಿತಿ ಸಿಂಧು’ ಕಾರ್ಯಕ್ರಮ ಹಾಗೂ 2004ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ‘ಐಸಿಟಿ ಅಟ್ ಸ್ಕೂಲ್ಸ್’ ಯೋಜನೆಗಳ ಮೂಲಕ ಸರ್ಕಾರಿ ಪ್ರೌಢಶಾಲೆಗಳಿಗೆ ಗಣಕಯಂತ್ರಗಳು ಬಂದವು. ಅಂತಹ ಯಂತ್ರಗಳು ಹಳೆಯದಾದಂತೆ ಅವನ್ನು ಬದಲಿಸುವುದಕ್ಕಿಂತ, ಸ್ಮೃತಿಯನ್ನೋ ಎಸ್‌ಎಸ್‌ಡಿಯನ್ನೋ ಸೇರಿಸಿ ಇನ್ನಷ್ಟು ವರ್ಷ ನಡೆಸುವುದು ಮಿತವ್ಯಯದ ಮಾರ್ಗ. ನಲವತ್ತು ನಿಮಿಷದ ತರಗತಿಯಲ್ಲಿ ಯಂತ್ರ ಎಚ್ಚರಗೊಳ್ಳಲು ಹತ್ತು ನಿಮಿಷ ಹಿಡಿದರೆ ಕಾಲು ಭಾಗ ಪಾಠ ಕಳೆದಂತೆಯೇ.

ಆರಂಭ ಪ್ರಕ್ರಿಯೆಯ ಹಂತಗಳು

ವಿಳಂಬದ ಮೂಲವನ್ನು ಅರಿಯಲು ಆರಂಭ ಪ್ರಕ್ರಿಯೆಯ ಸ್ಥೂಲ ಪರಿಚಯ ಅಗತ್ಯ. ವಿದ್ಯುತ್ ಹರಿದೊಡನೆ ಮದರ್‌ಬೋರ್ಡಿನ ಚಿಪ್ಪೊಂದರಲ್ಲಿ ಅಡಕವಾಗಿರುವ ಮೂಲ ತಂತ್ರಾಂಶವು ಚಾಲನೆಗೊಳ್ಳುತ್ತದೆ. 1981ರ ಐಬಿಎಂ ಪಿಸಿಯ ಕಾಲದಿಂದ ಇದನ್ನು ಬಯೋಸ್ ಎಂದು ಕರೆಯುತ್ತ ಬರಲಾಗಿದೆ. 2005ರಲ್ಲಿ ರಚನೆಗೊಂಡ ಯುಇಎಫ್‌ಐ ವೇದಿಕೆಯು ರೂಪಿಸಿದ ಹೊಸ ಮಾನಕವು ಇಂದು ಅದರ ಸ್ಥಾನವನ್ನು ಆಕ್ರಮಿಸಿದೆಯಾದರೂ ರೂಢಿಯಲ್ಲಿ ಬಯೋಸ್ ಎಂಬ ಹೆಸರೇ ಉಳಿದಿದೆ. ಈ ತಂತ್ರಾಂಶವು ಸಂಸ್ಕಾರಕ, ಸ್ಮೃತಿ, ಕೀಲಿಮಣೆ, ಡಿಸ್ಕ್ ಇತ್ಯಾದಿಗಳನ್ನು ಒಂದೊಂದಾಗಿ ಎಣಿಸಿ ಪರೀಕ್ಷಿಸುತ್ತದೆ. ಈ ಸ್ವಪರೀಕ್ಷೆಗೆ ಪೋಸ್ಟ್ ಎಂದು ಹೆಸರು. ತರುವಾಯ ಅದು ನಿಗದಿತ ಅನುಕ್ರಮದಲ್ಲಿ ಡಿಸ್ಕುಗಳನ್ನು ಹುಡುಕಿ, ಕಾರ್ಯಾಚರಣಾ ವ್ಯವಸ್ಥೆಯನ್ನು ಸ್ಮೃತಿಗೆ ತರುವ ಬೂಟ್ ಲೋಡರ್‌ಗೆ ಅಧಿಕಾರವನ್ನು ಹಸ್ತಾಂತರಿಸುತ್ತದೆ. ಆ ಬಳಿಕ ಕರ್ನೆಲ್, ಸಾಧನಗಳ ಚಾಲಕ ತಂತ್ರಾಂಶಗಳು, ಹಿನ್ನೆಲೆ ಸೇವೆಗಳು, ಪ್ರವೇಶ ಪರದೆ ಹಾಗೂ ಕೊನೆಗೆ ಬಳಕೆದಾರರ ಖಾತೆಯೊಡನೆ ತಾವಾಗಿ ತೆರೆದುಕೊಳ್ಳುವ ಅನ್ವಯಗಳು ಸರದಿಯಂತೆ ಬರುತ್ತವೆ.

ಹೊಸ ಯಂತ್ರಾಂಶವು ಈ ಹಂತಗಳಲ್ಲಿ ಯಾವುದರಲ್ಲಿಯೂ ತಡೆಯನ್ನು ಒಡ್ಡಬಲ್ಲದು. ಒಂದೇ ಸಾಧನವು ಎರಡು ಹಂತಗಳಲ್ಲಿ ತಡೆಯೊಡ್ಡುವುದೂ ಉಂಟು.

ವಿಳಂಬದ ಸ್ಥಾನ ನಿರ್ಣಯ

ಯಾವ ಭಾಗವನ್ನೂ ಬಿಚ್ಚುವ ಮೊದಲು ವಿಳಂಬವು ಎಲ್ಲಿ ಸಂಭವಿಸುತ್ತಿದೆ ಎಂಬುದನ್ನು ಗಡಿಯಾರ ಹಿಡಿದು ಅಳೆಯುವುದು ಒಳಿತು. ತಯಾರಕರ ಲಾಂಛನ ಮೂಡುವವರೆಗೆ ಎಷ್ಟು ಸೆಕೆಂಡ್, ಲಾಂಛನದಿಂದ ಕಾರ್ಯಾಚರಣಾ ವ್ಯವಸ್ಥೆಯ ಸುತ್ತುವ ಚುಕ್ಕೆಗಳವರೆಗೆ ಎಷ್ಟು, ಅಲ್ಲಿಂದ ಪ್ರವೇಶ ಪರದೆಗೆ ಎಷ್ಟು, ಪ್ರವೇಶಿಸಿದ ಮೇಲೆ ಡೆಸ್ಕ್‌ಟಾಪ್ ಸ್ಥಿರವಾಗಲು ಎಷ್ಟು ಎಂಬ ನಾಲ್ಕು ಸಂಖ್ಯೆಗಳನ್ನು ಕಾಗದದಲ್ಲಿ ಬರೆದಿಡಬೇಕು. ಅಳತೆಯನ್ನು ಕನಿಷ್ಠ ಎರಡು ಮೂರು ಬಾರಿ ಪುನರಾವರ್ತಿಸಬೇಕು. ಹೊಸ ಸಾಧನವನ್ನು ಜೋಡಿಸಿದ ನಂತರದ ಮೊದಲ ಆರಂಭವು ಸಹಜವಾಗಿಯೇ ದೀರ್ಘವಾಗಿರುತ್ತದೆಯಾದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ‘ತುಂಬ ಹೊತ್ತು’ ಎಂಬ ವರ್ಣನೆಯಿಂದ ದುರಸ್ತಿಗಾರರಿಗೆ ಯಾವ ಸಹಾಯವೂ ಆಗದು. ‘ಲಾಂಛನದ ಮೇಲೆ 30 ಸೆಕೆಂಡ್’ ಎಂದರೆ ಅರ್ಧ ಉತ್ತರ ದೊರೆತಂತಾಗುತ್ತದೆ.

ವಿಂಡೋಸ್ 10 ಮತ್ತು 11ರಲ್ಲಿ ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪುಟದ ಮೇಲ್ಭಾಗದಲ್ಲಿ ‘ಲಾಸ್ಟ್ ಬಯೋಸ್ ಟೈಮ್’ ಎಂಬ ಸಂಖ್ಯೆ ಯುಇಎಫ್‌ಐ ಯಂತ್ರಗಳಲ್ಲಿ ಕಾಣಿಸುತ್ತದೆ. ಕಾರ್ಯಾಚರಣಾ ವ್ಯವಸ್ಥೆಗೆ ಮುನ್ನ ವ್ಯಯವಾದ ಕಾಲವನ್ನು ಇದು ತಿಳಿಸುತ್ತದೆ. ಈ ಸಂಖ್ಯೆ ಹೊಸ ಸಾಧನದ ನಂತರ ಏರಿದ್ದರೆ ವಿಂಡೋಸ್‌ನಲ್ಲಿ ಹುಡುಕುವುದು ವ್ಯರ್ಥ. ತಂತಿ, ಸ್ಲಾಟ್ ಮತ್ತು ಬಯೋಸ್ ಆಯ್ಕೆಗಳನ್ನು ನೋಡಬೇಕು. ಏರದಿದ್ದರೆ ಚಾಲಕ ತಂತ್ರಾಂಶ ಅಥವಾ ಸೇವೆಗಳತ್ತ ಗಮನ ಹರಿಸಬೇಕು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. 2012ರ ವಿಂಡೋಸ್ 8ರಿಂದ ಮೊದಲ್ಗೊಂಡು ‘ಫಾಸ್ಟ್ ಸ್ಟಾರ್ಟಪ್’ ಎಂಬ ವ್ಯವಸ್ಥೆ ಇದೆ. ಇದು ಚಾಲ್ತಿಯಲ್ಲಿದ್ದಾಗ ‘ಶಟ್ ಡೌನ್’ ಆಯ್ಕೆಯು ಯಂತ್ರವನ್ನು ಸಂಪೂರ್ಣವಾಗಿ ಮುಚ್ಚುವುದಿಲ್ಲ. ಕರ್ನೆಲ್ ಹಾಗೂ ಚಾಲಕ ತಂತ್ರಾಂಶಗಳ ಸ್ಥಿತಿಯನ್ನು ಡಿಸ್ಕಿನಲ್ಲಿ ಉಳಿಸಿ, ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ. ಸ್ಥಿತಿ ಕೆಟ್ಟ ಚಾಲಕ ತಂತ್ರಾಂಶವೊಂದು ಹೀಗೆ ದಿನದಿಂದ ದಿನಕ್ಕೆ ಸಾಗಿ ಬರಬಹುದು. ‘ರೀಸ್ಟಾರ್ಟ್’ ಆಯ್ಕೆ ಮಾತ್ರ ಎಲ್ಲವನ್ನೂ ಮೊದಲಿನಿಂದ ಆರಂಭಿಸುತ್ತದೆ. ಹೀಗಾಗಿ ಪರೀಕ್ಷೆಯ ಅವಧಿಯಲ್ಲಿ ರೀಸ್ಟಾರ್ಟ್ ಬಳಸುವುದು, ಅಥವಾ ಶಿಫ್ಟ್ ಕೀಲಿಯನ್ನು ಒತ್ತಿ ಹಿಡಿದು ಶಟ್ ಡೌನ್ ಮಾಡುವುದು ಸರಿಯಾದ ಕ್ರಮ. ಪೆಟ್ಟಿಗೆಯನ್ನು ತೆರೆದು ಬಿಡಿಭಾಗ ಬದಲಿಸುವ ಮುನ್ನವೂ ಇದೇ ರೀತಿ ಪೂರ್ಣವಾಗಿ ಮುಚ್ಚಬೇಕು.

ನಿರ್ಣಾಯಕ ಪರೀಕ್ಷೆ ಅತ್ಯಂತ ಸರಳವಾದುದು. ಹೊಸ ಸಾಧನವನ್ನು ಕಳಚಿ, ಉಳಿದುದೇನನ್ನೂ ಮುಟ್ಟದೆ, ಮತ್ತೆ ಆರಂಭಿಸಿ ನೋಡುವುದು. ಹಳೆಯ ವೇಗ ಮರಳಿದರೆ ಸಂಬಂಧ ಖಚಿತವಾಗುತ್ತದೆ. ಮರಳದಿದ್ದರೆ, ಅಳವಡಿಸುವಾಗ ಸಡಿಲಗೊಂಡ ತಂತಿ, ಬದಲಾದ ಬಯೋಸ್ ಆಯ್ಕೆ, ಜೊತೆಯಲ್ಲಿ ಬಂದ ತಂತ್ರಾಂಶ ಅಥವಾ ಕೇವಲ ಕಾಕತಾಳೀಯ ಎಂಬ ಸಾಧ್ಯತೆಗಳು ಉಳಿಯುತ್ತವೆ. ಒಂದೇ ದಿನ ಸ್ಮೃತಿಯನ್ನೂ ಡಿಸ್ಕನ್ನೂ ಮುದ್ರಕವನ್ನೂ ಒಟ್ಟಿಗೆ ಸೇರಿಸಿದವರಿಗೆ ಈ ಪರೀಕ್ಷೆಯ ಲಾಭ ದೊರೆಯುವುದಿಲ್ಲ. ಅವರು ಎಲ್ಲವನ್ನೂ ತೆಗೆದು ಒಂದೊಂದಾಗಿ ಮರಳಿ ಸೇರಿಸಬೇಕಾಗುತ್ತದೆ.

ಸ್ಮೃತಿಫಲಕಗಳು

ಹೊಸ ರ‍್ಯಾಮ್ ಅಳವಡಿಸಿದಾಗ ಮದರ್‌ಬೋರ್ಡು ಅದರೊಡನೆ ಸಂಕೇತಗಳ ಕಾಲಮಾನವನ್ನು ಹೊಂದಿಸಿಕೊಳ್ಳುತ್ತದೆ. ಇದನ್ನು ಸ್ಮೃತಿ ತರಬೇತಿ ಎನ್ನಲಾಗುತ್ತದೆ. ಹಳೆಯ ಡಿಡಿಆರ್3 ಮತ್ತು ಡಿಡಿಆರ್4 ಯಂತ್ರಗಳಲ್ಲಿ ಇದಕ್ಕೆ ಕೆಲವೇ ಸೆಕೆಂಡ್ ಸಾಕು. ಡಿಡಿಆರ್5 ಬಂದ ಬಳಿಕ, ಅದರಲ್ಲಿಯೂ 2022ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾದ ಎಎಂಡಿಯ ಎಎಂ5 ಯಂತ್ರಗಳಲ್ಲಿ, ಮೊದಲ ಆರಂಭಕ್ಕೆ ಹಲವು ನಿಮಿಷಗಳು ಹಿಡಿಯಬಹುದು. ಆಗ ಪರದೆ ಸಂಪೂರ್ಣ ಕಪ್ಪಾಗಿರುತ್ತದೆ. ಯಂತ್ರ ಸತ್ತಿದೆಯೆಂದು ಭಾವಿಸಿ ಗುಂಡಿಯನ್ನು ಒತ್ತಿ ಆರಿಸಿದರೆ ತರಬೇತಿ ಅರ್ಧಕ್ಕೆ ನಿಂತು, ಮುಂದಿನ ಬಾರಿ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಇಂತಹ ಸಂದರ್ಭದಲ್ಲಿ ಸಹನೆಯೇ ದುರಸ್ತಿ. ಪ್ರತಿ ಆರಂಭದಲ್ಲಿಯೂ ಇದು ಮರುಕಳಿಸಿದರೆ ಬಯೋಸ್ ನವೀಕರಣವನ್ನೂ, ತರಬೇತಿಯ ಫಲಿತಾಂಶವನ್ನು ಉಳಿಸಿಕೊಳ್ಳುವ ‘ಮೆಮೊರಿ ಕಾಂಟೆಕ್ಸ್ಟ್ ರಿಸ್ಟೋರ್’ ಆಯ್ಕೆಯನ್ನೂ ಪರಿಶೀಲಿಸಬೇಕು.

ಬೇರೆ ಬೇರೆ ವೇಗದ ಎರಡು ಫಲಕಗಳನ್ನು ಜೊತೆಗೂಡಿಸಿದರೆ ಸಾಮಾನ್ಯವಾಗಿ ಎರಡೂ ನಿಧಾನದ ಫಲಕದ ವೇಗದಲ್ಲಿ ನಡೆಯುತ್ತವೆ. ಹೊಂದಾಣಿಕೆ ಆಗದಿದ್ದಲ್ಲಿ ಯಂತ್ರ ಎರಡು ಮೂರು ಬಾರಿ ತಾನಾಗಿ ಆರಿ ಹೊತ್ತಿ, ಕೊನೆಗೆ ಸುರಕ್ಷಿತ ವೇಗಕ್ಕೆ ಇಳಿದು ತೆರೆದುಕೊಳ್ಳುತ್ತದೆ. ಪೆಟ್ಟಿಗೆಯ ಮೇಲೆ ನಮೂದಿಸಿದ ಅಧಿಕ ವೇಗವನ್ನು ಬಯೋಸ್‌ನಲ್ಲಿ ಆಯ್ದುಕೊಂಡಿದ್ದರೆ ಅದನ್ನು ರದ್ದುಗೊಳಿಸಿ ನೋಡಬೇಕು. ಫಲಕವು ಸ್ಲಾಟಿನಲ್ಲಿ ಪೂರ್ಣವಾಗಿ ಕುಳಿತಿಲ್ಲದಿರುವುದು ಇನ್ನೊಂದು ಸಾಮಾನ್ಯ ಕಾರಣ. ಸ್ಮೃತಿಯಲ್ಲೇ ದೋಷವಿದೆಯೆಂಬ ಶಂಕೆಯಿದ್ದರೆ ವಿಂಡೋಸ್‌ನ ಮೆಮೊರಿ ಡಯಾಗ್ನಸ್ಟಿಕ್ ಅಥವಾ ಮೆಮ್‌ಟೆಸ್ಟ್86 ಉಪಕರಣವನ್ನು ರಾತ್ರಿಯಿಡೀ ನಡೆಸಬಹುದು.

ಶೇಖರಣಾ ಸಾಧನಗಳು

ಹೊಸ ಯಂತ್ರಾಂಶದಿಂದ ಉಂಟಾಗುವ ವಿಳಂಬಗಳಲ್ಲಿ ಡಿಸ್ಕುಗಳ ಪಾಲು ದೊಡ್ಡದು. ಬಯೋಸ್ ಆಗಲಿ ಕಾರ್ಯಾಚರಣಾ ವ್ಯವಸ್ಥೆಯಾಗಲಿ ಡಿಸ್ಕಿನಿಂದ ಉತ್ತರ ಬಾರದಿದ್ದರೆ ಕೂಡಲೇ ಕೈಬಿಡದೆ ಒಂದು ನಿಗದಿತ ಅವಧಿಯವರೆಗೆ ಕಾಯುವಂತೆ ರೂಪಿತವಾಗಿರುವುದೇ ಇದಕ್ಕೆ ಕಾರಣ. ಲಿನಕ್ಸ್ ಕರ್ನೆಲ್ ಒಂದು ಡಿಸ್ಕ್ ಆದೇಶಕ್ಕೆ ಸಾಮಾನ್ಯವಾಗಿ 30 ಸೆಕೆಂಡ್ ಕಾಯುತ್ತದೆ. ವಿಂಡೋಸ್‌ನಲ್ಲಿ ಈ ಮಿತಿಯು ವಾಡಿಕೆಯಂತೆ 60 ಸೆಕೆಂಡ್. ಸರಿಯಾಗಿ ಅರ್ಧ ನಿಮಿಷ ಅಥವಾ ಒಂದು ನಿಮಿಷದ ಸ್ತಬ್ಧತೆ ಪದೇ ಪದೇ ಕಂಡುಬಂದರೆ, ಎಲ್ಲಿಯೋ ಒಂದು ಡಿಸ್ಕ್ ಮೌನವಾಗಿದೆಯೆಂದು ಊಹಿಸಬಹುದು.

ಹಳೆಯ ಐಡಿಇ ಡಿಸ್ಕುಗಳಲ್ಲಿ ಒಂದೇ ಪಟ್ಟಿ ತಂತಿಗೆ ಸೇರಿದ ಎರಡು ಸಾಧನಗಳಲ್ಲಿ ಒಂದನ್ನು ‘ಮಾಸ್ಟರ್’, ಮತ್ತೊಂದನ್ನು ‘ಸ್ಲೇವ್’ ಎಂದು ಪುಟ್ಟ ಜಂಪರ್‌ನ ಮೂಲಕ ಗೊತ್ತುಪಡಿಸಬೇಕಿತ್ತು. ಎರಡೂ ಮಾಸ್ಟರ್ ಆದರೆ ಬಯೋಸ್ ‘ಡಿಟೆಕ್ಟಿಂಗ್’ ಎಂಬ ಪದದ ಮೇಲೆ ನಿಂತುಬಿಡುತ್ತಿತ್ತು. ಸಾಟಾ ಬಂದ ನಂತರ ಈ ತೊಡಕು ನಿವಾರಣೆಯಾಯಿತಾದರೂ ತಂತಿಯ ಸಮಸ್ಯೆ ಉಳಿದುಕೊಂಡಿತು. ಅಗ್ಗದ, ಅತಿಯಾಗಿ ಬಾಗಿಸಿದ ಅಥವಾ ಬಿಗಿಯಾಗಿ ಕೂರದ ಸಾಟಾ ತಂತಿಯಲ್ಲಿ ಸಂಕೇತ ಕೆಡುತ್ತದೆ. ನಿಯಂತ್ರಕವು ಮತ್ತೆ ಮತ್ತೆ ಪ್ರಯತ್ನಿಸಿ, ಸೆಕೆಂಡಿಗೆ 6 ಗಿಗಾಬಿಟ್‌ನಿಂದ 3ಕ್ಕೆ, ತದನಂತರ 1.5ಕ್ಕೆ ಇಳಿಯುತ್ತದೆ. ಡಿಸ್ಕಿನ ಸ್ಮಾರ್ಟ್ ವಿವರಗಳಲ್ಲಿ 199ನೆಯ ಸಾಲು ಇಂತಹ ಪ್ರಸರಣ ದೋಷಗಳನ್ನು ಎಣಿಸುತ್ತದೆ. ತಂತಿ ಬದಲಿಸಿದ ಮೇಲೆ ಈ ಸಂಖ್ಯೆ ಕಡಿಮೆಯಾಗುವುದಿಲ್ಲ, ಏರುವುದು ಮಾತ್ರ ನಿಲ್ಲುತ್ತದೆ. ಇದನ್ನು ಅರಿಯದೆ ಒಳ್ಳೆಯ ಡಿಸ್ಕನ್ನು ತಿರಸ್ಕರಿಸಬಾರದು. ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ಸಿಸ್ಟಮ್ ದಾಖಲೆಯ 7, 11, 129 ಮತ್ತು 153 ಸಂಖ್ಯೆಯ ನಮೂದುಗಳು ಡಿಸ್ಕ್ ಅಥವಾ ಅದರ ಸಂಪರ್ಕದ ತೊಂದರೆಯನ್ನು ಸೂಚಿಸುತ್ತವೆ. ಪೈಕಿ 7 ಕೆಟ್ಟ ವಲಯವನ್ನೂ, 129 ಸಾಧನವನ್ನು ಮರುಹೊಂದಿಸಬೇಕಾಗಿ ಬಂದುದನ್ನೂ ಹೇಳುತ್ತದೆ.

ಎಸ್‌ಎಸ್‌ಡಿ ಹಾಕಿಸಿಯೂ ಯಂತ್ರ ಚುರುಕಾಗಲಿಲ್ಲವೆಂಬ ದೂರಿನ ಹಿಂದೆ ಆಗಾಗ್ಗೆ ಬೇರೆಯೇ ಸಂಗತಿ ಇರುತ್ತದೆ. ಹಳೆಯ ಹಾರ್ಡ್ ಡಿಸ್ಕಿನ ಸಂಪೂರ್ಣ ಪ್ರತಿಯನ್ನು ಎಸ್‌ಎಸ್‌ಡಿಗೆ ಇಳಿಸಿ, ಎರಡನ್ನೂ ಪೆಟ್ಟಿಗೆಯೊಳಗೆ ಬಿಟ್ಟಿರುತ್ತಾರೆ. ಬಯೋಸ್‌ನ ಆರಂಭ ಅನುಕ್ರಮದಲ್ಲಿ ಹಳೆಯ ಡಿಸ್ಕೇ ಮೊದಲಿದ್ದು, ಯಂತ್ರ ಇನ್ನೂ ಅದರಿಂದಲೇ ತೆರೆದುಕೊಳ್ಳುತ್ತಿರುತ್ತದೆ. ಹೊಸ ಎಸ್‌ಎಸ್‌ಡಿ ನಿರುದ್ಯೋಗಿಯಾಗಿ ಕುಳಿತಿರುತ್ತದೆ! ಡಿಸ್ಕ್ ಮ್ಯಾನೇಜ್‌ಮೆಂಟ್ ಪರದೆಯಲ್ಲಿ ‘ಬೂಟ್’ ಮತ್ತು ‘ಸಿಸ್ಟಮ್’ ಎಂಬ ಗುರುತುಗಳು ಯಾವ ಡಿಸ್ಕಿನ ಮೇಲಿವೆಯೆಂದು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಈ ಎರಡು ಗುರುತುಗಳು ಬೇರೆ ಬೇರೆ ಡಿಸ್ಕುಗಳಲ್ಲಿರುವುದೂ ಸಾಧ್ಯ. ಹಳೆಯ ಡಿಸ್ಕನ್ನು ಕಳಚದೆ ಎಸ್‌ಎಸ್‌ಡಿಯಲ್ಲಿ ವಿಂಡೋಸ್ ಅನುಸ್ಥಾಪಿಸಿದಾಗ ಆರಂಭದ ಕಡತಗಳು ಹಳೆಯದರಲ್ಲಿಯೇ ಉಳಿದು, ಆ ಡಿಸ್ಕ್ ಎಚ್ಚರಗೊಳ್ಳುವವರೆಗೆ ಎಸ್‌ಎಸ್‌ಡಿ ಕಾಯಬೇಕಾಗುತ್ತದೆ. ಮುಂದೊಂದು ದಿನ ಹಳೆಯ ಡಿಸ್ಕ್ ಕೆಟ್ಟರೆ, ಇಡೀ ವಿಂಡೋಸ್ ಸುರಕ್ಷಿತವಾಗಿದ್ದರೂ ಯಂತ್ರ ತೆರೆಯದು. ಆದ್ದರಿಂದ ಅನುಸ್ಥಾಪನೆಯ ವೇಳೆ ಹಳೆಯ ಡಿಸ್ಕಿನ ತಂತಿಯನ್ನು ಕಳಚಿಡುವುದು ಉಚಿತ.

ದತ್ತಾಂಶಕ್ಕಾಗಿ ಉಳಿಸಿಕೊಂಡ ಹಳೆಯ ಹಾರ್ಡ್ ಡಿಸ್ಕ್ ಸವೆದಿದ್ದರೆ, ಹೊಸ ಎಸ್‌ಎಸ್‌ಡಿಯಿಂದ ಆರಂಭವಾಗುವ ಯಂತ್ರವೂ ನಿಧಾನವಾಗುತ್ತದೆ, ಏಕೆಂದರೆ ಕಾರ್ಯಾಚರಣಾ ವ್ಯವಸ್ಥೆಯು ಜೋಡಿಸಿದ ಎಲ್ಲ ಡಿಸ್ಕುಗಳ ವಿಭಾಗಗಳನ್ನೂ ಓದಲು ಯತ್ನಿಸುತ್ತದೆ. ಹೀಗೆ ಆಪಾದನೆ ಹೊಸದರ ಮೇಲೆ, ಅಪರಾಧ ಹಳೆಯದರದು.

ಯುಎಸ್‌ಬಿ ಸಾಧನಗಳು, ಜಾಲ ಕಾರ್ಡುಗಳು ಮತ್ತು ಇತರ

ಯುಎಸ್‌ಬಿ ಡಿಸ್ಕ್, ಪೆನ್ ಡ್ರೈವ್, ಕಾರ್ಡ್ ಓದುಗವಿರುವ ಮುದ್ರಕ ಇವೆಲ್ಲವನ್ನೂ ಬಯೋಸ್ ‘ಇದರಿಂದ ಆರಂಭಿಸಬಹುದೇ’ ಎಂದು ವಿಚಾರಿಸುತ್ತದೆ. ಆರಂಭ ಅನುಕ್ರಮದಲ್ಲಿ ಯುಎಸ್‌ಬಿ ಮೊದಲ ಸ್ಥಾನದಲ್ಲಿದ್ದರೆ ಈ ವಿಚಾರಣೆಯೇ ವಿಳಂಬ. ಒಂದು ಕಾಲದಲ್ಲಿ ನಮ್ಮ ಮನೆಗಳಲ್ಲಿ ವ್ಯಾಪಕವಾಗಿದ್ದ ಅಂತರಜಾಲದ ಡಾಂಗಲ್‌ಗಳಲ್ಲಿ ಅನೇಕವು ತಮ್ಮ ತಂತ್ರಾಂಶವನ್ನು ಒದಗಿಸಲೆಂದು ಮೊದಲು ಸಿಡಿ ಡ್ರೈವ್‌ನಂತೆ ವೇಷ ಧರಿಸಿ, ಬಳಿಕ ಮೋಡೆಮ್ ಆಗುತ್ತಿದ್ದವು. ಆ ಕಾಲ್ಪನಿಕ ಸಿಡಿಯಿಂದ ಆರಂಭಿಸಲು ಹೋಗಿ ಯಂತ್ರ ತಡವರಿಸುವ ಸಂಭವವಿತ್ತು. ಪರಿಹಾರ ಸುಲಭ: ಆರಂಭವಾದ ಮೇಲೆ ಚುಚ್ಚುವುದು, ಅಥವಾ ಒಳಗಿನ ಡಿಸ್ಕನ್ನು ಅನುಕ್ರಮದಲ್ಲಿ ಮೊದಲಿಗೆ ತರುವುದು.

ವಿದ್ಯುತ್ ಪೂರೈಕೆಯ ಮಿತಿಯನ್ನೂ ನೆನಪಿಡಬೇಕು. ಯುಎಸ್‌ಬಿ 2.0 ಕಿಂಡಿಯಿಂದ ಒಂದು ಸಾಧನ ಪಡೆಯಬಹುದಾದ ವಿದ್ಯುತ್ 500 ಮಿಲಿ ಆಂಪಿಯರ್, ಯುಎಸ್‌ಬಿ 3.0ರಲ್ಲಿ 900. ತಿರುಗುವ ಬಾಹ್ಯ ಡಿಸ್ಕ್ ಚಲನೆ ಪಡೆಯುವ ಕ್ಷಣದಲ್ಲಿ ಇದಕ್ಕಿಂತ ಹೆಚ್ಚನ್ನು ಬಯಸಿದರೆ ಅದು ಎದ್ದು ಬಿದ್ದು ಮತ್ತೆ ಎದ್ದು ಗುರುತಿಸಿಕೊಳ್ಳುವಷ್ಟರಲ್ಲಿ ಸಮಯ ಕಳೆದಿರುತ್ತದೆ. ಸ್ವಂತ ವಿದ್ಯುತ್ ಇಲ್ಲದ ಹಬ್‌ಗೆ ಇಂತಹ ಡಿಸ್ಕನ್ನು ಸೇರಿಸುವುದು ಉಚಿತವಲ್ಲ.

ಹೊಸ ಜಾಲ ಕಾರ್ಡಿನಲ್ಲಿ ಜಾಲದ ಮೂಲಕ ಯಂತ್ರವನ್ನು ಆರಂಭಿಸುವ ಪಿಎಕ್ಸ್‌ಇ ಎಂಬ ಸೌಲಭ್ಯ ಇರಬಹುದು. ಅದು ಸಕ್ರಿಯವಾಗಿದ್ದರೆ ಪರದೆಯ ಮೇಲೆ ‘ಸ್ಟಾರ್ಟ್ ಪಿಎಕ್ಸ್‌ಇ’ ಎಂಬ ಅರ್ಥದ ಸಾಲು ಮೂಡಿ, ಇಲ್ಲದ ಸರ್ವರ್‌ನ ಉತ್ತರಕ್ಕಾಗಿ ಯಂತ್ರ ಕಾದು ಕುಳಿತಿರುತ್ತದೆ. ಬಯೋಸ್‌ನಲ್ಲಿ ಇದನ್ನು ನಿಷ್ಕ್ರಿಯಗೊಳಿಸಿದರೆ ಸಾಕು. ಹೆಚ್ಚುವರಿ ಡಿಸ್ಕ್ ನಿಯಂತ್ರಕ ಕಾರ್ಡುಗಳು ತಮ್ಮದೇ ಆರಂಭಿಕ ತಂತ್ರಾಂಶವನ್ನು ಹೊಂದಿದ್ದು, ಡಿಸ್ಕುಗಳನ್ನು ಸರದಿಯಲ್ಲಿ ತಿರುಗಿಸುವುದರಿಂದ ತುಸು ವಿಳಂಬ ಅನಿವಾರ್ಯ. ಗ್ರಾಫಿಕ್ಸ್ ಕಾರ್ಡಿನಿಂದ ಬರುವ ತೊಂದರೆ ಹೆಚ್ಚಾಗಿ ಚಾಲಕ ತಂತ್ರಾಂಶದ್ದು, ಇಲ್ಲವೇ ಸಾಲದ ವಿದ್ಯುತ್ ಪೂರೈಕೆಯದು.

ಚಾಲಕ ತಂತ್ರಾಂಶ ಮತ್ತು ಸಹಚರ ತಂತ್ರಾಂಶ

ಸಾಧನದೊಡನೆ ಎರಡು ಬಗೆಯ ತಂತ್ರಾಂಶ ಬರುತ್ತದೆ. ಒಂದು ಅದನ್ನು ನಡೆಸಲು ಅಗತ್ಯವಾದ ಚಾಲಕ ತಂತ್ರಾಂಶ. ಇನ್ನೊಂದು, ಶಾಯಿಯ ಮಟ್ಟ ತೋರಿಸುವ, ನವೀಕರಣ ಹುಡುಕುವ, ದೀಪದ ಬಣ್ಣ ಬದಲಿಸುವ, ಯಾರೂ ಕೇಳದ ಪರಿವಾರ. ಮುದ್ರಕವೊಂದರ ಪೂರ್ಣ ಅನುಸ್ಥಾಪನೆಯು ಐದಾರು ಅನ್ವಯಗಳನ್ನು ಆರಂಭಪಟ್ಟಿಗೆ ಸೇರಿಸಿಬಿಡಬಹುದು. ಪ್ರವೇಶ ಪರದೆಯವರೆಗೆ ಎಲ್ಲವೂ ಶೀಘ್ರವಾಗಿದ್ದು ಆಮೇಲೆ ಮಾತ್ರ ಯಂತ್ರ ಜಡವಾದರೆ ಈ ಪರಿವಾರವನ್ನೇ ಶಂಕಿಸಬೇಕು. ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪುಟದಲ್ಲಿ ಅವನ್ನು ನಿಷ್ಕ್ರಿಯಗೊಳಿಸಿದರೆ ಸಾಧನದ ಮೂಲ ಕಾರ್ಯಕ್ಕೆ ಸಾಮಾನ್ಯವಾಗಿ ಧಕ್ಕೆಯಾಗುವುದಿಲ್ಲ. ಅದೇ ಪಟ್ಟಿಯಲ್ಲಿ ಕಾಣುವ ನುಡಿ, ಬರಹ ಮೊದಲಾದ ಕನ್ನಡ ಬರವಣಿಗೆಯ ತಂತ್ರಾಂಶಗಳು ಹಗುರವಾದವು. ಅವನ್ನು ದೂಷಿಸಿ ತೆಗೆದುಹಾಕುವ ಅಗತ್ಯವಿಲ್ಲ.

ಚಾಲಕ ತಂತ್ರಾಂಶದ ಸ್ಥಿತಿಯನ್ನು ಡಿವೈಸ್ ಮ್ಯಾನೇಜರ್‌ನಲ್ಲಿ ನೋಡಬಹುದು. ಹಳದಿ ತ್ರಿಕೋನವಿರುವ ಸಾಧನದ ವಿವರದಲ್ಲಿ ಸಂಕೇತ 10 ಇದ್ದರೆ ಸಾಧನ ಆರಂಭವಾಗಲಿಲ್ಲವೆಂದೂ, 43 ಇದ್ದರೆ ಸಾಧನವೇ ದೋಷ ವರದಿ ಮಾಡಿದ್ದರಿಂದ ವಿಂಡೋಸ್ ಅದನ್ನು ನಿಲ್ಲಿಸಿತೆಂದೂ ಅರ್ಥ. ನವೀಕರಣದ ನಂತರ ತೊಂದರೆ ಆರಂಭವಾಗಿದ್ದರೆ ‘ರೋಲ್ ಬ್ಯಾಕ್ ಡ್ರೈವರ್’ ಗುಂಡಿಯಿಂದ ಹಿಂದಿನ ಆವೃತ್ತಿಗೆ ಮರಳಬಹುದು. ಇನ್ನೂ ನಿಖರವಾದ ಮಾಹಿತಿ ಇವೆಂಟ್ ವ್ಯೂವರ್‌ನ ‘ಡಯಾಗ್ನಸ್ಟಿಕ್ಸ್-ಪರ್ಫಾರ್ಮೆನ್ಸ್’ ದಾಖಲೆಯಲ್ಲಿದೆ. ಅಲ್ಲಿ 100ನೆಯ ನಮೂದು ಆರಂಭದ ಒಟ್ಟು ಅವಧಿಯನ್ನು ಮಿಲಿಸೆಕೆಂಡುಗಳಲ್ಲಿ ನೀಡುತ್ತದೆ. 101 ವಿಳಂಬಿಸಿದ ಅನ್ವಯವನ್ನೂ, 102 ಚಾಲಕ ತಂತ್ರಾಂಶವನ್ನೂ, 103 ಸೇವೆಯನ್ನೂ ಹೆಸರಿಸಿ ತಿಳಿಸುತ್ತವೆ. ಸೇಫ್ ಮೋಡ್‌ನಲ್ಲಿ ಯಂತ್ರ ಶೀಘ್ರವಾಗಿ ತೆರೆದು, ಸಾಮಾನ್ಯ ಸ್ಥಿತಿಯಲ್ಲಿ ನಿಧಾನವಾದರೆ ದೋಷವು ತಂತ್ರಾಂಶದ್ದೆಂಬುದಕ್ಕೆ ಪುಷ್ಟಿ ದೊರೆಯುತ್ತದೆ.

ಲಿನಕ್ಸ್ ವ್ಯವಸ್ಥೆಯಲ್ಲಿ

ಕರ್ನಾಟಕದ ಪ್ರೌಢಶಾಲಾ ಶಿಕ್ಷಕರಲ್ಲಿ ಅನೇಕರಿಗೆ 2011ರಲ್ಲಿ ಆರಂಭವಾದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳ ಮೂಲಕ ಉಬುಂಟು ಪರಿಚಿತವಾಯಿತು. 2015ರ ಉಬುಂಟು 15.04 ಆವೃತ್ತಿಯಿಂದ ಅದರ ಆರಂಭವನ್ನು ಸಿಸ್ಟಮ್‌ಡಿ ನಿರ್ವಹಿಸುತ್ತದೆ. ಟರ್ಮಿನಲ್‌ನಲ್ಲಿ ‘ಸಿಸ್ಟಮ್‌ಡಿ-ಅನಲೈಜ್’ ಆದೇಶವನ್ನು ನೀಡಿದರೆ ಕರ್ನೆಲ್ ಮತ್ತು ಸೇವೆಗಳಿಗೆ, ಯುಇಎಫ್‌ಐ ಯಂತ್ರಗಳಲ್ಲಿ ಬಯೋಸ್ ಹಂತಕ್ಕೂ, ತಗುಲಿದ ಅವಧಿ ಪ್ರತ್ಯೇಕವಾಗಿ ದೊರೆಯುತ್ತದೆ. ಅದರ ಮುಂದೆ ‘ಬ್ಲೇಮ್’ ಎಂಬ ಪದವನ್ನು ಸೇರಿಸಿದರೆ ವಿಳಂಬಿಸಿದ ಸೇವೆಗಳು ಇಳಿಕೆಯ ಕ್ರಮದಲ್ಲಿ ಕಾಣಿಸುತ್ತವೆ. ‘ಡಿಮೆಸೇಜ್’ ಎಂದು ಉಚ್ಚರಿಸಲಾಗುವ ಆದೇಶವು ಕರ್ನೆಲ್‌ನ ದಿನಚರಿಯನ್ನು ಸಮಯಸಹಿತ ತೆರೆದಿಡುತ್ತದೆ. ಎರಡು ಸಾಲುಗಳ ನಡುವೆ ಮೂವತ್ತು ಸೆಕೆಂಡ್ ಜಿಗಿತವಿದ್ದರೆ ಜಿಗಿತದ ಮುಂಚಿನ ಸಾಲನ್ನೂ ನಂತರದ ಸಾಲನ್ನೂ ಓದಬೇಕು.

ಡಿಸ್ಕ್ ಬದಲಿಸಿದವರು ಕಾಣುವ ವಿಶಿಷ್ಟ ವಿಳಂಬವೊಂದಿದೆ. ಹಳೆಯ ಡಿಸ್ಕಿನ ಗುರುತುಸಂಖ್ಯೆಯು ‘ಎಫ್‌ಎಸ್‌ಟ್ಯಾಬ್’ ಎಂಬ ಕಡತದಲ್ಲಿ ಉಳಿದಿದ್ದರೆ, ವ್ಯವಸ್ಥೆಯು ಆ ಡಿಸ್ಕ್ ಬಂದೇ ಬರುವುದೆಂದು 1 ನಿಮಿಷ 30 ಸೆಕೆಂಡ್ ಕಾಯುತ್ತದೆ. ಪರದೆಯಲ್ಲಿ ಈ ಅವಧಿಯ ಎಣಿಕೆಯೂ ಕಾಣುತ್ತದೆ. ಕಡತದಿಂದ ಆ ಸಾಲನ್ನು ತೆಗೆಯುವುದು, ಅಥವಾ ಕೆಲವೊಮ್ಮೆ ಮಾತ್ರ ಜೋಡಿಸುವ ಡಿಸ್ಕಾದರೆ ‘ನೋಫೇಲ್’ ಆಯ್ಕೆಯ ಜೊತೆಗೆ ಕಾಯುವ ಅವಧಿಯನ್ನೂ ಕೆಲವೇ ಸೆಕೆಂಡಿಗೆ ಇಳಿಸುವುದು ಪರಿಹಾರ. ಸ್ವಾಪ್ ವಿಭಾಗ ಬದಲಾದಾಗಲೂ ಇದೇ ಬಗೆಯ ನಿರೀಕ್ಷೆ ಉಂಟಾಗುತ್ತದೆ. ಕಡತವನ್ನು ತಿದ್ದುವ ಮುನ್ನ ಅದರ ಪ್ರತಿಯೊಂದನ್ನು ಇಟ್ಟುಕೊಳ್ಳಬೇಕು, ಏಕೆಂದರೆ ಇಲ್ಲಿನ ಒಂದು ತಪ್ಪು ಯಂತ್ರವನ್ನು ತೆರೆಯದಂತೆಯೇ ಮಾಡಬಲ್ಲದು.

ಕರಾವಳಿಯ ಪರಿಸ್ಥಿತಿ

ಮೇಲಿನ ಕಾರಣಗಳು ಎಲ್ಲೆಡೆಯೂ ಸಮಾನ. ಉತ್ತರ ಕನ್ನಡದ ಕರಾವಳಿಗೆ, ಅಂದರೆ ಕಾಳಿ ನದಿಯ ಉತ್ತರ ದಡದ ಚಿತ್ತಾಕುಲ, ಸದಾಶಿವಗಡಗಳಿಂದ ಕಾರವಾರ, ಅಂಕೋಲಾಗಳವರೆಗಿನ ಸಮುದ್ರದಂಚಿನ ಊರುಗಳಿಗೆ, ಇನ್ನೊಂದು ಕಾರಣ ಸೇರುತ್ತದೆ. ಅದೆಂದರೆ ತೇವ ಮತ್ತು ಉಪ್ಪು. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆಯಾಗುತ್ತದೆ, ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಸಮುದ್ರದ ಗಾಳಿಯಲ್ಲಿರುವ ಲವಣಾಂಶವು ತೇವದೊಡನೆ ಸೇರಿ ಸ್ಲಾಟುಗಳು ಹಾಗೂ ಕನೆಕ್ಟರುಗಳ ಲೋಹದ ಮೇಲೆ ಅತಿ ತೆಳುವಾದ ಪದರವನ್ನು ಕಟ್ಟುತ್ತದೆ. ವರ್ಷಗಟ್ಟಲೆ ಅಲುಗಾಡದೆ ಕುಳಿತ ಹಳೆಯ ಫಲಕವು ಅಂಟಿಕೊಂಡಂತೆ ಕೆಲಸ ಮಾಡುತ್ತಿರುತ್ತದೆ. ಹೊಸ ಫಲಕವನ್ನು ಪಕ್ಕದ, ಈವರೆಗೆ ತೆರೆದೇ ಇದ್ದ ಸ್ಲಾಟಿಗೆ ತುರುಕಿದಾಗ ಸಂಪರ್ಕ ಅರೆಬರೆಯಾಗುತ್ತದೆ. ಆರಂಭ ಒಂದು ದಿನ ಸರಿ, ಮರುದಿನ ನಿಧಾನ, ಮಳೆ ಬಿಟ್ಟ ದಿನ ಮತ್ತೆ ಸರಿ ಎಂಬ ಅಸ್ಥಿರತೆ ಇದರ ಲಕ್ಷಣ.

ಫಲಕದ ಚಿನ್ನದ ಬಣ್ಣದ ಅಂಚನ್ನು ಮೃದುವಾದ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಕೊಡವಿ, ಐಸೊಪ್ರೊಪೈಲ್ ಆಲ್ಕೋಹಾಲ್ ಸವರಿದ ಬಟ್ಟೆಯಿಂದ ಒರೆಸುವುದು ರೂಢಿಯ ಉಪಾಯ. ಸ್ಲಾಟನ್ನು ಒಣ ಮೃದು ಕುಂಚದಿಂದ ಶುಚಿಗೊಳಿಸಬಹುದು. ಬಾಯಿಯಿಂದ ಊದುವುದು ತೇವವನ್ನು ಸೇರಿಸುತ್ತದೆಯಷ್ಟೆ. ಕೆಲಸಕ್ಕೆ ಮೊದಲು ತಂತಿಯನ್ನು ಗೋಡೆಯಿಂದ ಕಳಚಿ, ಪೆಟ್ಟಿಗೆಯ ಬರಿಯ ಲೋಹವನ್ನು ಮುಟ್ಟಿ ಮೈಯ ಸ್ಥಿರ ವಿದ್ಯುತ್ತನ್ನು ಇಳಿಸಿಕೊಳ್ಳಬೇಕು. ಕರಾವಳಿಯ ತೇವದಲ್ಲಿ ಸ್ಥಿರ ವಿದ್ಯುತ್ತಿನ ಕಾಟ ಬಯಲುಸೀಮೆಯ ಚಳಿಗಾಲದಷ್ಟಿಲ್ಲವಾದರೂ ಇಲ್ಲವೇ ಇಲ್ಲವೆನ್ನಲಾಗದು.

ಏಪ್ರಿಲ್ ಮೇ ರಜೆಯಲ್ಲಿ ಬೀಗ ಹಾಕಿದ ಗಣಕಯಂತ್ರ ಕೊಠಡಿ ಮತ್ತೆ ತೆರೆಯುವ ವೇಳೆಗೆ ಮುಂಗಾರು ಬಾಗಿಲಲ್ಲಿರುತ್ತದೆ. ಮಳೆಗಾಲದಲ್ಲಿ ವಾರಕ್ಕೆ ಕೆಲವು ಗಂಟೆಯಾದರೂ ಯಂತ್ರಗಳನ್ನು ಚಾಲನೆಯಲ್ಲಿಟ್ಟರೆ ಒಳಗಿನ ಶಾಖವೇ ತೇವವನ್ನು ಹೊರದೂಡುತ್ತದೆ. ಪ್ಲಾಸ್ಟಿಕ್ ಹೊದಿಕೆಯನ್ನು ಬಿಗಿದು ಕಟ್ಟಿಟ್ಟರೆ ತೇವ ಒಳಗೇ ಸಿಲುಕುತ್ತದೆ. ಹತ್ತಿಯ ಬಟ್ಟೆ ಮೇಲು. ಹಿಂಬದಿಯ ಬಳಸದ ಕಾರ್ಡ್ ಕಿಂಡಿಗಳನ್ನು ತಗಡಿನ ಪಟ್ಟಿಯಿಂದ ಮುಚ್ಚುವುದು ಹಲ್ಲಿ, ಇರುವೆಗಳ ದೃಷ್ಟಿಯಿಂದಲೂ ಅವಶ್ಯ.

ಮಳೆಗಾಲದ ವಿದ್ಯುತ್ ವ್ಯತ್ಯಯವೂ ದಾರಿ ತಪ್ಪಿಸುತ್ತದೆ. ಹಠಾತ್ತನೆ ವಿದ್ಯುತ್ ಹೋದಾಗ ಡಿಸ್ಕಿನ ಕಡತ ವ್ಯವಸ್ಥೆಯು ಅಪೂರ್ಣವೆಂದು ಗುರುತಾಗಿ, ಮುಂದಿನ ಆರಂಭದಲ್ಲಿ ತಪಾಸಣೆ ನಡೆಯುತ್ತದೆ. ದೊಡ್ಡ ಹಾರ್ಡ್ ಡಿಸ್ಕಾದರೆ ಇದು ಬಹಳ ಹೊತ್ತು ಸಾಗಬಹುದು. ಹಿಂದಿನ ದಿನವಷ್ಟೇ ಹೊಸ ಸಾಧನ ಹಾಕಿದ್ದರೆ ತಪ್ಪು ಅದರದೇ ಎಂಬ ತೀರ್ಮಾನ ಸಹಜ. ಮದರ್‌ಬೋರ್ಡಿನ ಮೇಲಿರುವ ನಾಣ್ಯದಾಕಾರದ ಸಿಆರ್2032 ಬ್ಯಾಟರಿ ಬತ್ತಿದಾಗಲೂ ಹಾಗೆಯೇ. ಈ 3 ವೋಲ್ಟಿನ ಬ್ಯಾಟರಿ ದುರ್ಬಲವಾಗಿ, ಪೆಟ್ಟಿಗೆ ತೆರೆಯಲೆಂದು ಗೋಡೆಯ ತಂತಿ ಕಳಚಿದೊಡನೆ ಬಯೋಸ್ ತನ್ನ ಆಯ್ಕೆಗಳನ್ನು ಮರೆಯುತ್ತದೆ. ಗಡಿಯಾರ ವರ್ಷಗಳ ಹಿಂದಕ್ಕೆ ಸರಿದಿರುತ್ತದೆ, ಆರಂಭ ಅನುಕ್ರಮ ಬದಲಾಗಿರುತ್ತದೆ, ಎಫ್1 ಒತ್ತುವಂತೆ ಯಂತ್ರ ಕಾಯುತ್ತಿರುತ್ತದೆ. ದಿನಾಂಕ ತಪ್ಪಾಗಿದೆಯೇ ಎಂದು ಮೊದಲು ನೋಡಿದರೆ ಅರ್ಧ ದಿನದ ಶೋಧ ಉಳಿಯುತ್ತದೆ.

ದತ್ತಾಂಶದ ಸುರಕ್ಷತೆ

ನಿಧಾನ ಆರಂಭಕ್ಕೆ ದುರಸ್ತಿ ಅಂಗಡಿಗಳಲ್ಲಿ ಆಗಾಗ್ಗೆ ಸೂಚಿಸಲಾಗುವ ಪರಿಹಾರ ಡಿಸ್ಕನ್ನು ಅಳಿಸಿ ಎಲ್ಲವನ್ನೂ ಮರುಸ್ಥಾಪಿಸುವುದು, ರೂಢಿಯ ಮಾತಿನಲ್ಲಿ ‘ಫಾರ್ಮ್ಯಾಟ್ ಹೊಡೆಯುವುದು’. ಯಂತ್ರಾಂಶದ ದೋಷಕ್ಕೆ ಇದು ಔಷಧವೇ ಅಲ್ಲ. ತಂತಿ ಕೆಟ್ಟಿದ್ದರೆ ಮರುಸ್ಥಾಪನೆಯ ನಂತರವೂ ತಂತಿ ಕೆಟ್ಟೇ ಇರುತ್ತದೆ, ಹೋದ ಕಡತಗಳು ಮಾತ್ರ ಮರಳುವುದಿಲ್ಲ. ಸ್ಮಾರ್ಟ್ ವಿವರ ಅಥವಾ ಇವೆಂಟ್ ವ್ಯೂವರ್ ಡಿಸ್ಕಿನ ಕಡೆ ಬೆರಳು ತೋರಿದರೆ ಮೊದಲ ಕೆಲಸ ದತ್ತಾಂಶವನ್ನು ಬೇರೊಂದು ಡಿಸ್ಕಿಗೆ ನಕಲು ಮಾಡುವುದು, ದುರಸ್ತಿ ಆಮೇಲಿನದು. ಸವೆಯುತ್ತಿರುವ ಡಿಸ್ಕಿನ ಮೇಲೆ ದೀರ್ಘ ತಪಾಸಣೆ ನಡೆಸುವುದೇ ಅದರ ಕೊನೆಯ ಶ್ರಮವಾಗಬಹುದು.

ಬಿಟ್‌ಲಾಕರ್ ಗೂಢಲಿಪೀಕರಣ ಸಕ್ರಿಯವಾಗಿರುವ ಯಂತ್ರಗಳಲ್ಲಿ ಹೊಸ ಯಂತ್ರಾಂಶ ಅಥವಾ ಬಯೋಸ್ ಬದಲಾವಣೆಯ ಬಳಿಕ 48 ಅಂಕಿಗಳ ಮರುಪ್ರಾಪ್ತಿ ಕೀಲಿಯನ್ನು ಕೇಳಬಹುದು. ಈ ಕೀಲಿ ಇಲ್ಲದಿದ್ದರೆ ಡಿಸ್ಕ್ ಸುಸ್ಥಿತಿಯಲ್ಲಿದ್ದರೂ ಕಡತಗಳು ದಕ್ಕವು. ಪೆಟ್ಟಿಗೆ ತೆರೆಯುವ ಮುನ್ನ ಕೀಲಿಯನ್ನು ಕಾಗದದಲ್ಲಿ ಬರೆದಿಟ್ಟುಕೊಂಡು, ಬಿಟ್‌ಲಾಕರ್ ಅನ್ನು ತಾತ್ಕಾಲಿಕವಾಗಿ ತಡೆಹಿಡಿಯಬೇಕು. ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಇದು ಬಳಕೆದಾರರ ಅರಿವಿಗೆ ಬಾರದೆಯೇ ಸಕ್ರಿಯವಾಗಿರುತ್ತದೆಂಬುದನ್ನು ಗಮನಿಸಬೇಕು.

ಕನ್ನಡ ಬಳಕೆದಾರರಿಗೆ ಮತ್ತೊಂದು ಅಪಾಯವಿದೆ. ಯೂನಿಕೋಡ್ ರೂಢಿಗೆ ಬರುವ ಮುನ್ನ ನುಡಿ ಹಾಗೂ ಬರಹ ತಂತ್ರಾಂಶಗಳಲ್ಲಿ ಟಂಕಿಸಿದ ಕಡತಗಳು ಆಯಾ ಅಕ್ಷರವಿನ್ಯಾಸಗಳಿಲ್ಲದೆ ಓದಲು ಬರುವುದಿಲ್ಲ. ಮರುಸ್ಥಾಪನೆಯಲ್ಲಿ ಆ ಫಾಂಟುಗಳು ಅಳಿದುಹೋದರೆ, ಶಾಲೆಯ ಹಳೆಯ ಪ್ರಶ್ನೆಪತ್ರಿಕೆಗಳಾಗಲಿ ಮನೆಯ ಹಿರಿಯರು ಬರೆದಿಟ್ಟ ನೆನಪುಗಳಾಗಲಿ ಅರ್ಥಹೀನ ರೋಮನ್ ಚಿಹ್ನೆಗಳ ಸಾಲಾಗಿ ಕಾಣುತ್ತವೆ. ಕಡತ ಕೆಟ್ಟಿತೆಂದು ಅವನ್ನು ಅಳಿಸಿದವರೂ ಇದ್ದಾರೆ. ವಾಸ್ತವದಲ್ಲಿ ಅದೇ ಫಾಂಟನ್ನು ಮರಳಿ ಅನುಸ್ಥಾಪಿಸಿದರೆ ಅಕ್ಷರಗಳು ಹಿಂತಿರುಗುತ್ತವೆ. ಪರಿವರ್ತಕ ತಂತ್ರಾಂಶದ ಮೂಲಕ ಯೂನಿಕೋಡ್‌ಗೆ ಬದಲಿಸಿಕೊಳ್ಳಲೂ ಅವಕಾಶವಿದೆ. ಪರಿವರ್ತನೆಯಲ್ಲಿ ಅರ್ಕಾವತ್ತು ಮತ್ತು ಕೆಲವು ಒತ್ತಕ್ಷರಗಳು ಸ್ಥಾನ ತಪ್ಪುವುದುಂಟು. ಆದ್ದರಿಂದ ಪರಿವರ್ತಿತ ಪಠ್ಯವನ್ನು ಮೂಲದೊಡನೆ ಹೋಲಿಸಿ ಓದುವವರೆಗೆ ಮೂಲ ಕಡತವನ್ನೂ ಅದರ ಫಾಂಟನ್ನೂ ಹಳೆಯ ಡಿಸ್ಕಿನಲ್ಲಿಯೇ ಉಳಿಸಿ, ಆ ಡಿಸ್ಕನ್ನು ಯಂತ್ರದಿಂದ ಕಳಚಿ, ಒಣ ಜಾಗದಲ್ಲಿ ಇರಿಸಬೇಕು.